ದೂರದ ಸ್ವಂತ ಮನೆಯೋ, ಹತ್ತಿರದ ಬಾಡಿಗೆ ಮನೆಯೋ?

ಪ್ರಶ್ನೆ: ನಮ್ಮ ಊರು ಹತ್ತು ವರ್ಷದಲ್ಲಿ ಗುರುತು ಸಿಗದಷ್ಟು ಬೆಳೆದಿದೆ. ನಾವು ಕೆಲಸದ ಜಾಗಕ್ಕೆ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ಪ್ರತಿ ವರ್ಷ ಬಾಡಿಗೆ ಏರುತ್ತಲೇ ಇದೆ. ಅದೇ ಬಾಡಿಗೆ ಹಣವನ್ನು ಸಾಲದ ಕಂತಿಗೆ ಕಟ್ಟಿದರೆ ಊರಾಚೆಯ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಆಗುತ್ತದೆ. "ಈಗ ದೂರ ಅನ್ಸುತ್ತೆ, ವರ್ತುಲ ರಸ್ತೆ ಬಂದರೆ ಅರ್ಧ ಗಂಟೆ ದಾರಿ, ಆಮೇಲೆ ರೈಲೂ ಬರುತ್ತೆ" ಎಂದು ಮಾರುವವರು ಹೇಳುತ್ತಾರೆ. ನಮ್ಮ ಯಜಮಾನರಿಗೆ ಕೊಳ್ಳುವ ಆಸೆ, ನನಗೆ ಭಯ. ರಸ್ತೆ ಅಗಲ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತೆ ಅನ್ನುವುದು ಮಾವನವರ ವಾದ. ಇದರ ನಡುವೆ ನಮ್ಮ ಬೀದಿಯ ಕೊನೆಯಲ್ಲಿ ಎಂಟು ಅಂತಸ್ತಿನ ಅಪಾರ್ಟ್‌ಮೆಂಟ್ ಬರುತ್ತಿದೆ. ಅದರಿಂದ ಟ್ರಾಫಿಕ್ ಹೆಚ್ಚುತ್ತೆ, ನೀರು ಸಾಲುವುದಿಲ್ಲ, ಬಾಡಿಗೆ ಇನ್ನೂ ಏರುತ್ತೆ ಎಂದು ಅಕ್ಕಪಕ್ಕದವರು ವಿರೋಧ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಸಹಿ ಹಾಕಲೋ ಬೇಡವೋ? ದೂರ ಹೋಗೋಣವೋ ಬೇಡವೋ?

ಉತ್ತರ: ಮೇಡಂ, ನಿಮ್ಮ ಎರಡೂ ಪ್ರಶ್ನೆಗಳಿಗೆ ಬೇರು ಒಂದೇ. ಕೆಲಸ ಇರುವ ಕಡೆ ಸಾಕಷ್ಟು ಮನೆ ಕಟ್ಟಲು ಬಿಡದ ಊರು ಜನರನ್ನು ದೂರಕ್ಕೆ ತಳ್ಳುತ್ತದೆ. ದೂರ ಹೋದವರು ದಿನಾ ಬೆಳಗ್ಗೆ ಗಾಡಿ ಹತ್ತಿ ಅಲ್ಲಿಗೇ ವಾಪಸ್ ಬರುತ್ತಾರೆ. ಇವತ್ತು ನಿಮ್ಮ ಮುಖ್ಯರಸ್ತೆಯಲ್ಲಿ ನಿಂತಿರುವ ಗಾಡಿಗಳಲ್ಲಿ ಬಹಳಷ್ಟು ಹೀಗೆ ದೂರ ಹೋದವರದೇ. ನಾಳೆ ಆ ಸಾಲಿಗೆ ನೀವೂ ಸೇರಬೇಕೇ ಎನ್ನುವುದು ನಿಮ್ಮ ಭಯ. ಆ ಭಯಕ್ಕೆ ಕಾರಣ ಇದೆ.

ನನ್ನ ಕೆಲಸ ನಗರ ಯೋಜನೆ. ಹೊಸ ಬಡಾವಣೆಗಳ ನಕ್ಷೆ ನೋಡುವುದು, ಗಾಡಿಗಳ ಎಣಿಕೆ ಮಾಡಿಸುವುದು, ಬಸ್ಸು ಎಲ್ಲಿ ಓಡಬೇಕು ಎಂದು ಲೆಕ್ಕ ಹಾಕುವುದು. ಬೇಗ ಬೆಳೆಯುವ ಊರುಗಳಲ್ಲಿ ಮತ್ತೆ ಮತ್ತೆ ಕಾಣುವ ತೊಂದರೆ ಒಂದಿದೆ. ಮನೆಯ ಕಡತ ಒಂದು ಇಲಾಖೆಯಲ್ಲಿ, ರಸ್ತೆಯ ಕಡತ ಇನ್ನೊಂದರಲ್ಲಿ, ಬಸ್ಸು ಮೂರನೆಯವರದು. ಒಬ್ಬರು ಬಡಾವಣೆಗೆ ಒಪ್ಪಿಗೆ ಕೊಡುವಾಗ ಇನ್ನೊಬ್ಬರಿಗೆ ಅದು ಗೊತ್ತೇ ಇರುವುದಿಲ್ಲ. ಮೂವರ ತೀರ್ಮಾನವೂ ಕೊನೆಗೆ ಬಂದು ಬೀಳುವುದು ಮಾತ್ರ ನಿಮ್ಮಂಥ ಒಂದೊಂದು ಮನೆಯ ಮೇಲೆ.

ಮೊದಲು ನಿಮ್ಮ ಮಾವನವರ ಮಾತು. ರಸ್ತೆ ಅಗಲವಾದರೆ ಟ್ರಾಫಿಕ್ ಕರಗುತ್ತೆ ಅನ್ನುವುದು ನೋಡಲು ಸಹಜವಾದ ವಾದ. ಮೊದಲ ಕೆಲವು ತಿಂಗಳು ಅದು ನಿಜವೂ ಆಗುತ್ತದೆ. ಆಮೇಲೆ ಏನಾಗುತ್ತದೆ ನೋಡಿ. ಇಕ್ಕಟ್ಟಿಗೆ ಹೆದರಿ ಬೆಳಗ್ಗೆ ಆರೂವರೆಗೇ ಹೊರಡುತ್ತಿದ್ದವರು ಎಂಟು ಗಂಟೆಗೆ ಹೊರಡುತ್ತಾರೆ. ಸುತ್ತು ದಾರಿ ಹಿಡಿದಿದ್ದವರು ಇದೇ ರಸ್ತೆಗೆ ಬರುತ್ತಾರೆ. ಬಸ್ಸಿನಲ್ಲಿದ್ದವರು ಕಾರು ತೆಗೆಯುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಇದನ್ನು ಬರೆದಿಟ್ಟರು. ಗಿಜಿಗುಡುವ ಹೊತ್ತಿನಲ್ಲಿ ಹೊಸ ರಸ್ತೆ ಎಷ್ಟಿದ್ದರೂ ತುಂಬುತ್ತದೆ ಎಂದರು. 2011ರಲ್ಲಿ ಡುರಾಂಟನ್ ಮತ್ತು ಟರ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಲೆಕ್ಕ ತೆಗೆದರು. ನಗರದೊಳಗಿನ ಹೆದ್ದಾರಿಯ ಉದ್ದ ಎಷ್ಟು ಪಾಲು ಹೆಚ್ಚಿತೋ, ಗಾಡಿಗಳ ಓಡಾಟವೂ ಹೆಚ್ಚುಕಮ್ಮಿ ಅಷ್ಟೇ ಪಾಲು ಹೆಚ್ಚಿತ್ತು.

ಅಮೆರಿಕದ ಹ್ಯೂಸ್ಟನ್ ನಗರದ ಕೇಟಿ ಹೆದ್ದಾರಿಯ ಕಥೆ ನಮ್ಮ ವೃತ್ತಿಯವರಿಗೆಲ್ಲ ಗೊತ್ತು. 2008ರಲ್ಲಿ ಅದರ ವಿಸ್ತರಣೆ ಮುಗಿಯಿತು. ಪಕ್ಕದ ಸರ್ವಿಸ್ ರಸ್ತೆಗಳೂ ಸೇರಿ ಕೆಲವು ಕಡೆ 26 ಪಥ. 2011ರಿಂದ 2014ರ ನಡುವೆ ಅಲ್ಲಿ ಸಂಜೆಯ ದಟ್ಟಣೆ ಹೊತ್ತಿನ ಪ್ರಯಾಣದ ಸಮಯ ಶೇ 55ರಷ್ಟು, ಬೆಳಗಿನದು ಶೇ 30ರಷ್ಟು ಹೆಚ್ಚಿತು. ಆ ರಸ್ತೆ ಮೊದಲಿಗಿಂತ ಜಾಸ್ತಿ ಜನರನ್ನು ಸಾಗಿಸುತ್ತಿತ್ತು, ಅದೂ ನಿಜ. ರಸ್ತೆ ಅಗಲ ಮಾಡಿದರೆ ಹೆಚ್ಚು ಜನ ಓಡಾಡಬಹುದು. ಪ್ರತಿಯೊಬ್ಬರೂ ಬೇಗ ತಲುಪುತ್ತಾರೆ ಎನ್ನುವ ಖಾತ್ರಿ ಮಾತ್ರ ಇಲ್ಲ.

ಇದರ ಹಿಂದೆ ಇನ್ನೊಂದು ಗುಟ್ಟಿದೆ, ನಿಮ್ಮ ಮನೆ ಕೊಳ್ಳುವ ವಿಚಾರಕ್ಕೆ ಅದು ನೇರ ಸಂಬಂಧಿಸಿದ್ದು. ಜನ ದಿನಕ್ಕೆ ಸರಾಸರಿ ಒಂದು ಗಂಟೆಯ ಆಸುಪಾಸು ಪ್ರಯಾಣಕ್ಕೆ ಕೊಡುತ್ತಾರೆ ಎಂದು 1970ರ ದಶಕದಲ್ಲಿ ಯಾಕೋವ್ ಜಹಾವಿ ಎಂಬ ಸಾರಿಗೆ ತಜ್ಞರು ಗಮನಿಸಿದರು. ನಡೆದು ಹೋಗುವ ಕಾಲದಲ್ಲೂ ಅಷ್ಟೇ, ಕಾರಿನ ಕಾಲದಲ್ಲೂ ಹೆಚ್ಚುಕಮ್ಮಿ ಅಷ್ಟೇ ಎಂದು ಆಮೇಲೆ ಮಾರ್ಕೆಟ್ಟಿ ಎಂಬ ವಿಜ್ಞಾನಿ 1994ರಲ್ಲಿ ಬರೆದರು. ಅಂದರೆ ರಸ್ತೆ ವೇಗವಾದಾಗ ಜನ ಉಳಿದ ಸಮಯವನ್ನು ಮನೆಯಲ್ಲಿ ಕಳೆಯುವುದಿಲ್ಲ. ಇನ್ನೂ ದೂರದಲ್ಲಿ ಮನೆ ಕೊಳ್ಳುತ್ತಾರೆ. ವರ್ತುಲ ರಸ್ತೆ ಬಂದ ದಿನ ನಿಮ್ಮ ಬಡಾವಣೆಗೆ ಅರ್ಧ ಗಂಟೆ ದಾರಿ ಆಗಬಹುದು. ಆದರೆ ಅದೇ ರಸ್ತೆ ತೋರಿಸಿ ನಿಮ್ಮಾಚೆಗೂ ಹತ್ತಾರು ಬಡಾವಣೆ ಮಾರುತ್ತಾರಲ್ಲ, ಅವರೆಲ್ಲ ನಿಮ್ಮ ಮುಂದೆಯೇ ಹಾದು ಹೋಗಬೇಕು.

ಹಾಗಂತ ಹೊಸ ರಸ್ತೆಯೇ ಬೇಡ ಎನ್ನುವವನು ನಾನಲ್ಲ. ಊರು ಬೆಳೆಯುವ ಮೊದಲೇ ರಸ್ತೆಗೆ ಜಾಗ ಗುರುತಿಸಿಡುವುದು ಬಹಳ ದೊಡ್ಡ ಕೆಲಸ. ನ್ಯೂಯಾರ್ಕ್‌ನಲ್ಲಿ ಇನ್ನೂ ಒಂದು ಲಕ್ಷ ಜನ ಇಲ್ಲದಾಗಲೇ, 1811ರಲ್ಲಿ, ಹೊಲ ಗುಡ್ಡಗಳ ಮೇಲೆ 155ನೇ ಬೀದಿಯವರೆಗೂ ಗೆರೆ ಎಳೆದಿಟ್ಟರು. ಮನೆ ಕಟ್ಟಿದ ಮೇಲೆ ಗೋಡೆ ಒಡೆದು ರಸ್ತೆ ಮಾಡುವುದಕ್ಕೂ, ಖಾಲಿ ಜಾಗದಲ್ಲಿ ಗೆರೆ ಎಳೆಯುವುದಕ್ಕೂ ಆಗುವ ಖರ್ಚಿನಲ್ಲಿ ಅಜಗಜಾಂತರ. ನಾನು ನೋಡುವ ಬಹಳಷ್ಟು ಹೊಸ ಬಡಾವಣೆಗಳ ನಕ್ಷೆಯಲ್ಲಿ ಕೊರತೆ ಇರುವುದು ಇಲ್ಲೇ. ಒಳಗಿನ ರಸ್ತೆಗಳೆಲ್ಲ ಒಂದೇ ಗೇಟಿಗೆ ಬಂದು ಸೇರುತ್ತವೆ. ಪಕ್ಕದ ಬಡಾವಣೆಗೆ ಕಾಂಪೌಂಡು ಅಡ್ಡ. ಗೋಡೆಯಾಚೆ ಕಾಣುವ ಅಂಗಡಿಗೆ ಹೋಗಲು ಹೆದ್ದಾರಿಗೆ ಇಳಿದು ಸುತ್ತು ಹಾಕಬೇಕು. ನೀವು ಹೋಗಿ ನೋಡುವಾಗ ಇದನ್ನು ಖಂಡಿತ ಗಮನಿಸಿ.

ಹಾಗಾದರೆ ಟ್ರಾಫಿಕ್‌ಗೆ ಮದ್ದೇ ಇಲ್ಲವೇ? ಇದೆ, ಆದರೆ ರಾಜಕಾರಣಿಗಳಿಗೆ ಹೇಳಲು ಕಷ್ಟವಾದ ಮದ್ದು. ಸ್ವೀಡನ್‌ನ ಸ್ಟಾಕ್‌ಹೋಮ್ 2006ರ ಜನವರಿಯಿಂದ ಜುಲೈವರೆಗೆ ನಗರದೊಳಗೆ ಬರುವ ಗಾಡಿಗಳಿಗೆ ಶುಲ್ಕ ಹಾಕಿ ನೋಡಿತು. ಶುಲ್ಕದ ಗಡಿ ದಾಟುವ ಗಾಡಿಗಳು ಸುಮಾರು ಶೇ 20ರಷ್ಟು ಇಳಿದವು. ಪ್ರಯೋಗ ನಿಲ್ಲಿಸಿದ ಕೂಡಲೇ ಬಹುಪಾಲು ವಾಪಸ್ ಬಂದವು. ಮೊದಲು ವಿರೋಧಿಸಿದ್ದ ಜನರೇ ಆ ವರ್ಷದ ಸೆಪ್ಟೆಂಬರ್‌ನ ಮತದಾನದಲ್ಲಿ ಹೂಂ ಅಂದರು. 2007ರಲ್ಲಿ ಶುಲ್ಕ ಕಾಯಂ ಆಯಿತು. ಸಿಂಗಪುರ ಇದನ್ನು 1975ರಲ್ಲೇ ಶುರು ಮಾಡಿತ್ತು. ಎರಡೂ ಕಡೆ ಶುಲ್ಕದ ಜೊತೆಗೆ ಬಸ್ಸಿನ ವ್ಯವಸ್ಥೆಯನ್ನೂ ಹೆಚ್ಚಿಸಿದರು. ಅದಿಲ್ಲದೆ ಬರೀ ಶುಲ್ಕ ಹಾಕಿದರೆ ದೂರದ ಬಡವರಿಗೆ ಬರೆ ಎಳೆದ ಹಾಗಾಗುತ್ತದೆ.

ಬಸ್ಸಿನ ಬಗ್ಗೆ ಒಂದೇ ಒಂದು ಲೆಕ್ಕ ಹೇಳುತ್ತೇನೆ. ಸಿಗ್ನಲ್ ಇರುವ ನಗರದ ರಸ್ತೆಯಲ್ಲಿ ಒಂದು ಪಥವನ್ನು ಖಾಸಗಿ ಗಾಡಿಗಳಿಗೆ ಬಿಟ್ಟರೆ ಗಂಟೆಗೆ ಹೆಚ್ಚೆಂದರೆ 600ರಿಂದ 1,600 ಜನ ಸಾಗುತ್ತಾರೆ. ಅದೇ ಪಥ ಬಸ್ಸಿಗೆ ಮಾತ್ರ ಎಂದಾದರೆ 4,000ದಿಂದ 8,000 ಜನ. ಜಾಗ ಅಷ್ಟೇ, ಒಂದು ಗೋಡೆಯನ್ನೂ ಒಡೆಯಬೇಕಿಲ್ಲ. ಮಾವನವರ ಜೊತೆ ಮಾತಾಡುವಾಗ ಇದನ್ನು ಹೇಳಿ ನೋಡಿ.

ಈಗ ನಿಮ್ಮ ಬೀದಿಯ ಅಪಾರ್ಟ್‌ಮೆಂಟ್. ಹೊಸ ಕಟ್ಟಡ ಬಂದರೆ ಬಾಡಿಗೆ ಏರುತ್ತೆ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಯಾಕೆ ಅಂತಲೂ ಅರ್ಥವಾಗುತ್ತದೆ. ಹೊಸ ಕಟ್ಟಡ ಕಾಣಿಸುವುದೂ ಬಾಡಿಗೆ ಏರುವುದೂ ಒಂದೇ ಹೊತ್ತಿಗೆ ನಡೆಯುತ್ತವೆ. ಆದರೆ ಎರಡಕ್ಕೂ ಕಾರಣ ಬೇರೆ ಒಂದು: ಊರಿಗೆ ಕೆಲಸ ಬಂದಿದೆ, ಜನ ಬರುತ್ತಿದ್ದಾರೆ. ಕಟ್ಟಡ ನಿಲ್ಲಿಸಿದರೆ ಬರುವ ಜನ ನಿಲ್ಲುವುದಿಲ್ಲ. ಅವರು ನೀವಿರುವ ಹಳೆಯ ಮನೆಗೇ ಹೆಚ್ಚು ಬಾಡಿಗೆ ಕೊಡಲು ಮುಂದೆ ಬರುತ್ತಾರೆ. ನಿಮ್ಮ ಮನೆ ಮಾಲೀಕರಿಗೆ ಅದು ಗೊತ್ತು.

"ಅಲ್ಲಿ ಬರುವುದು ಶ್ರೀಮಂತರ ಮನೆಗಳಲ್ವಾ, ನಮಗೇನು ಲಾಭ?" ಎಂದು ಸಭೆಗಳಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಫಿನ್‌ಲೆಂಡ್‌ನ ಹೆಲ್ಸಿಂಕಿಯಲ್ಲಿ ಸಂಶೋಧಕರು ಇದನ್ನೇ ಬೆನ್ನು ಹತ್ತಿ ನೋಡಿದ್ದಾರೆ. ನಗರದ ನಡುವಿನ ಹೊಸ ದುಬಾರಿ ಮನೆಗೆ ಯಾರು ಹೋದರು, ಅವರು ಬಿಟ್ಟ ಮನೆಗೆ ಯಾರು ಬಂದರು, ಅವರ ಹಿಂದಿನ ಮನೆಗೆ ಯಾರು ಎಂದು ಸರಪಳಿ ಹಿಡಿದು ಹೋದರು. ಆ ಸರಪಳಿ ಬೇಗನೇ ಮಧ್ಯಮ ಮತ್ತು ಕಡಿಮೆ ಆದಾಯದ ಬಡಾವಣೆಗಳನ್ನು ತಲುಪಿತ್ತು. ನ್ಯೂಜಿಲೆಂಡ್‌ನ ಆಕ್ಲೆಂಡ್ 2016ರಲ್ಲಿ ತನ್ನ ವಸತಿ ಜಾಗದ ಸುಮಾರು ಮುಕ್ಕಾಲು ಭಾಗದಲ್ಲಿ ಹೆಚ್ಚು ಮನೆ ಕಟ್ಟಲು ಅವಕಾಶ ಕೊಟ್ಟಿತು. ವರ್ಷಕ್ಕೆ ಸುಮಾರು 10,000 ಇದ್ದ ಹೊಸ ಮನೆಗಳ ಪರವಾನಗಿ 2022ರ ಹೊತ್ತಿಗೆ 20,000 ದಾಟಿತು.

ಆದರೆ ಇದರ ಮಿತಿಯನ್ನೂ ಹೇಳಬೇಕು. ಮಾರುಕಟ್ಟೆಯ ಮನೆ ತೀರಾ ಬಡವರನ್ನು ತಲುಪುವುದಿಲ್ಲ, ಅಥವಾ ತಲುಪುವಷ್ಟರಲ್ಲಿ ಕಾಲ ಮೀರಿರುತ್ತದೆ. ಅದಕ್ಕೆ ಸರ್ಕಾರದ ಕೈ ಬೇಕೇ ಬೇಕು. ಆಸ್ಟ್ರಿಯಾದ ವಿಯೆನ್ನಾದಲ್ಲಿ ಸುಮಾರು ಅರ್ಧದಷ್ಟು ಜನ ಇರುವುದು ನಗರಸಭೆಯ ಅಥವಾ ಸರ್ಕಾರದ ನೆರವಿನ ಮನೆಗಳಲ್ಲಿ. ಅಲ್ಲಿ ಈ ಕೆಲಸ ಶುರುವಾಗಿದ್ದು 1920ರ ದಶಕದಲ್ಲಿ. ಸಿಂಗಪುರದಲ್ಲಿ ನಿವಾಸಿಗಳ ಪೈಕಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸತಿ ಮಂಡಳಿಯ ಮನೆಗಳಲ್ಲಿದ್ದಾರೆ. ಎರಡೂ ಕಡೆ ಸರ್ಕಾರ ಜಮೀನನ್ನು ಮೊದಲೇ ಕೈಯಲ್ಲಿಟ್ಟುಕೊಂಡಿತ್ತು. ಬೆಲೆ ಏರಿದ ಮೇಲೆ ಜಮೀನು ಕೊಳ್ಳಲು ಹೊರಟರೆ ಯಾವ ಖಜಾನೆಯೂ ಸಾಲುವುದಿಲ್ಲ.

ಬಾಡಿಗೆಗೆ ಕಾನೂನಿನ ಮಿತಿ ಹಾಕಬಾರದೇ ಎಂದೂ ಕೆಲವರು ಕೇಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ 1994ರಲ್ಲಿ ಬಾಡಿಗೆ ನಿಯಂತ್ರಣವನ್ನು ಸಣ್ಣ ಕಟ್ಟಡಗಳಿಗೂ ವಿಸ್ತರಿಸಿತು. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆಗ ಇದ್ದ ಬಾಡಿಗೆದಾರರಿಗೆ ಒಳ್ಳೆಯದಾಯಿತು, ಮನೆ ಬಿಡಬೇಕಾದ ಪ್ರಮೇಯ ಕಡಿಮೆಯಾಯಿತು. ಆದರೆ ಆ ಕಟ್ಟಡಗಳ ಮಾಲೀಕರು ಬಾಡಿಗೆಗೆ ಕೊಡುವ ಮನೆಗಳನ್ನು ಶೇ 15ರಷ್ಟು ಕಡಿಮೆ ಮಾಡಿದರು. ಇಡೀ ನಗರದ ಬಾಡಿಗೆ ಸುಮಾರು ಶೇ 5ರಷ್ಟು ಏರಿತು. ಇದ್ದವರಿಗೆ ರಕ್ಷಣೆ, ಹೊಸದಾಗಿ ಬರುವವರಿಗೆ ಬಿಸಿ. ಹೊಸ ಮನೆ ಕಟ್ಟುವುದರ ಜೊತೆಗೆ ಬಾಡಿಗೆದಾರರಿಗೆ ರಕ್ಷಣೆ ಕೊಟ್ಟರೆ ಸರಿ, ಕಟ್ಟುವುದರ ಬದಲಿಗೆ ಕೊಟ್ಟರೆ ಅಲ್ಲ ಎನ್ನುವುದು ನನ್ನ ಅಭಿಪ್ರಾಯ.

ನಿಮ್ಮ ನೆರೆಹೊರೆಯವರ ಆತಂಕದಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ನೀರು, ಒಳಚರಂಡಿ ವಿಚಾರದಲ್ಲಿ ಅವರು ಕೇಳುವುದು ಸರಿ. ಆದರೆ ಅದಕ್ಕೆ "ಕಟ್ಟಬೇಡಿ" ಎಂಬ ಪತ್ರ ಉತ್ತರವಲ್ಲ. ಈಗಿರುವ ಕೊಳವೆಯ ಸಾಮರ್ಥ್ಯ ಎಷ್ಟು, ಹೊಸ ಕಟ್ಟಡದಿಂದ ಎಷ್ಟು ಹೊರೆ ಬೀಳುತ್ತದೆ, ಕೊಳವೆ ಬದಲಿಸಬೇಕಾದರೆ ಖರ್ಚು ಯಾರದು ಎಂದು ಲಿಖಿತವಾಗಿ ಕೇಳಿ. ಇವು ಅಂಕಿಯಲ್ಲಿ ಉತ್ತರ ಸಿಗುವ ಪ್ರಶ್ನೆಗಳು. ಇನ್ನೊಂದು ವಿಷಯ: ಅಷ್ಟೇ ಮನೆಗಳನ್ನು ಊರಾಚೆ ಹರಡಿದರೆ ಮನೆಯೊಂದಕ್ಕೆ ಬೇಕಾದ ಕೊಳವೆ, ರಸ್ತೆ, ಕಂಬ ಎಲ್ಲ ಜಾಸ್ತಿ ಉದ್ದವಾಗುತ್ತವೆ. ಆ ಖರ್ಚು ಕಟ್ಟುವವರಲ್ಲಿ ನೀವೂ ಇರುತ್ತೀರಿ.

ಟ್ರಾಫಿಕ್ ವಿಚಾರದಲ್ಲಿ ನಾನು ಮೊದಲು ತೆರೆದು ನೋಡುವುದು ಕಟ್ಟಡದ ನೆಲಮಾಳಿಗೆಯ ನಕ್ಷೆ. ಒಂದು ಕಾರು ನಿಲ್ಲಿಸಲು, ಅದು ತಿರುಗುವ ಜಾಗ ಮತ್ತು ಇಳಿಜಾರು ದಾರಿಯ ಪಾಲು ಸೇರಿ, ಸುಮಾರು 25ರಿಂದ 30 ಚದರ ಮೀಟರ್ ಬೇಕು. ಒಂದು ಪುಟ್ಟ ಮನೆಗೆ ಸಾಕಾಗುವ ಜಾಗ ಅದು. ಮನೆಗೆ ಎರಡು ಕಾರಿನ ಜಾಗ ಕಡ್ಡಾಯ ಎಂದು ನಿಯಮ ಮಾಡಿದರೆ ಮನೆಯ ಬೆಲೆಯಲ್ಲಿ ಅದೂ ಸೇರುತ್ತದೆ, ಕಾರಿಲ್ಲದವರೂ ಅದನ್ನು ಕೊಡುತ್ತಾರೆ. ಜಾಗ ಇದೆ ಅಂದ ಮೇಲೆ ಕಾರು ಬರುತ್ತದೆ. ಪಾರ್ಕಿಂಗ್ ಹೆಚ್ಚು ಮಾಡಿ ಎಂದು ಒತ್ತಾಯಿಸುವ ನೆರೆಯವರು ತಮ್ಮ ಬೀದಿಗೆ ಕಾರುಗಳನ್ನು ತಾವೇ ಕರೆದ ಹಾಗೆ. ಅದರ ಬದಲು ಕಟ್ಟಡದ ಬಾಗಿಲು ಬಸ್ ನಿಲ್ದಾಣದ ಕಡೆಗಿರಲಿ, ಕಾಲುದಾರಿ ಸರಿಯಾಗಿರಲಿ, ನೆಲಮಾಳಿಗೆಯಿಂದ ಹೊರಬರುವ ದಾರಿ ಸಿಗ್ನಲ್ ಹತ್ತಿರ ಬೇಡ ಎಂದು ಕೇಳಿ. ನೀವು ಈ ಷರತ್ತುಗಳನ್ನು ಬರೆದು ಬೇರೆ ಪತ್ರ ಕೊಡಿ. ಹಳೆಯ ಮನೆಗಳನ್ನು ಕೆಡವಿ ಈ ಕಟ್ಟಡ ಕಟ್ಟುತ್ತಿದ್ದರೆ, ಅಲ್ಲಿದ್ದ ಬಾಡಿಗೆದಾರರು ಎಲ್ಲಿಗೆ ಹೋಗುತ್ತಾರೆ ಎಂದೂ ಕೇಳಿ, ಯಾಕೆಂದರೆ ಅವರ ಪರವಾಗಿ ಕೇಳುವವರು ಯಾರೂ ಇರುವುದಿಲ್ಲ. ಈಗ ಬಂದಿರುವ ವಿರೋಧ ಪತ್ರಕ್ಕೆ ನಾನಾಗಿದ್ದರೆ ಸಹಿ ಹಾಕುತ್ತಿರಲಿಲ್ಲ. ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಇರುತ್ತದೆ, ಅದನ್ನು ವಿಚಾರಿಸಿಕೊಳ್ಳಿ. ದಿನ ಮೀರಿದ ಮೇಲೆ ಒಳ್ಳೆಯ ಷರತ್ತಿಗೂ ಬೆಲೆ ಇಲ್ಲ.

ಇನ್ನು ದೂರದ ಮನೆ. ಬಾಡಿಗೆಯನ್ನೂ ಕಂತನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೀರಿ. ಆ ಲೆಕ್ಕದಲ್ಲಿ ಪ್ರಯಾಣದ ಸಾಲು ಬಿಟ್ಟುಹೋಗಿದೆ. ಮನೆ ಖರ್ಚು ಆದಾಯದ ಶೇ 30 ಮೀರಬಾರದು ಎಂಬ ಹಳೆಯ ಮಾತನ್ನು ನೀವು ಕೇಳಿರಬಹುದು. ಅಮೆರಿಕದ ಶಿಕಾಗೊ ಮೂಲದ ಒಂದು ಸಂಸ್ಥೆ ಮನೆ ಮತ್ತು ಪ್ರಯಾಣ ಎರಡನ್ನೂ ಕೂಡಿಸಿ ನೋಡಿ, ಒಟ್ಟು ಶೇ 45 ಮೀರದಿದ್ದರೆ ನಿಭಾಯಿಸಬಹುದು ಎಂಬ ಅಳತೆ ಇಟ್ಟಿತು. ಹಾಗೆ ನೋಡಿದಾಗ ಅಗ್ಗ ಅನ್ನಿಸಿದ್ದ ಎಷ್ಟೋ ದೂರದ ಬಡಾವಣೆಗಳು ದುಬಾರಿ ಎಂದು ಗೊತ್ತಾಯಿತು. ಅಲ್ಲಿ ಒಂದು ಗಾಡಿ ಸಾಲದು, ಎರಡು ಬೇಕಾಗುತ್ತದೆ. ಮಕ್ಕಳನ್ನು ಬಿಟ್ಟು ಬರುವುದಕ್ಕೂ ಗಾಡಿ, ಔಷಧಿ ತರುವುದಕ್ಕೂ ಗಾಡಿ.

ಸಮಯದ ಲೆಕ್ಕ ಇನ್ನೂ ಕಟುವಾದದ್ದು. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಹೆಚ್ಚಾದರೆ ದಿನಕ್ಕೆ ಒಂದು ಗಂಟೆ. ವರ್ಷಕ್ಕೆ 250 ಕೆಲಸದ ದಿನ ಹಿಡಿದರೆ 250 ಗಂಟೆ. ಎಂಟು ಗಂಟೆಯ ಕೆಲಸದ ದಿನಗಳಾಗಿ ಎಣಿಸಿದರೆ 31 ದಿನ. ಒಬ್ಬರಿಗೇ ಇಷ್ಟು. ಮನೆಗೆಲಸ ಮತ್ತು ಮಕ್ಕಳ ಜವಾಬ್ದಾರಿ ಯಾರ ಮೇಲೆ ಹೆಚ್ಚಿದೆಯೋ ಅವರೇ ಕೊನೆಗೆ ಕೆಲಸ ಬಿಡುವುದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಹೆಚ್ಚಿನ ಸಲ ಅದು ಹೆಂಡತಿಯೇ. ಆಗ ಒಂದು ಸಂಬಳ ಹೋಗಿ ಕಂತು ಹಾಗೇ ಉಳಿಯುತ್ತದೆ. ಯಜಮಾನರ ಜೊತೆ ಕೂತು ಈ ಮಾತನ್ನು ಬಿಚ್ಚಿ ಆಡಿ.

ರೈಲಿನ ವಿಚಾರಕ್ಕೆ ಬಂದರೆ, ಬರುತ್ತೆ ಅನ್ನುವ ಮಾತಿನಲ್ಲೇ ಹಲವು ಹಂತಗಳಿವೆ. ನಕ್ಷೆಯಲ್ಲಿ ಚುಕ್ಕೆ ಗೆರೆ ಇರುವುದು ಒಂದು ಹಂತ. ವಿವರವಾದ ಯೋಜನಾ ವರದಿ ಆಗಿರುವುದು ಇನ್ನೊಂದು. ಹಣ ಮಂಜೂರಾಗಿರುವುದು ಮತ್ತೊಂದು. ಜಮೀನು ಕೈಗೆ ಬಂದಿರುವುದು ಎಲ್ಲಕ್ಕಿಂತ ದೊಡ್ಡದು, ಯೋಜನೆಗಳು ಬಹಳ ವರ್ಷ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಮಾರುವವರು ಮೊದಲ ಹಂತವನ್ನೇ ಕೊನೆಯದೆಂಬಂತೆ ಹೇಳುತ್ತಾರೆ. ರೈಲು ಖಂಡಿತ ಬರುತ್ತದೆ ಎಂದೇ ಇಟ್ಟುಕೊಳ್ಳಿ, ಆಗಲೂ ಅದರ ಲಾಭದ ಒಂದು ಪಾಲನ್ನು ನೀವು ಈಗಲೇ ಬೆಲೆಯಲ್ಲಿ ಕೊಟ್ಟಿರುತ್ತೀರಿ. ಹಾಂಗ್‌ಕಾಂಗ್‌ನಲ್ಲಿ ರೈಲು ಸಂಸ್ಥೆಯೇ ನಿಲ್ದಾಣದ ಮೇಲೆ, ಸುತ್ತ ಮನೆ ಕಟ್ಟಿಸಿ ಆ ಲಾಭವನ್ನು ರೈಲಿಗೇ ಹಾಕುತ್ತದೆ. ಬ್ರೆಜಿಲ್‌ನ ಕುರಿಟಿಬಾ 1974ರಿಂದ ಬಸ್ಸಿಗೆ ಪ್ರತ್ಯೇಕ ದಾರಿ ಮಾಡಿ, ಎತ್ತರದ ಕಟ್ಟಡಗಳಿಗೆ ಆ ದಾರಿಯುದ್ದಕ್ಕೂ ಅವಕಾಶ ಕೊಟ್ಟಿತು. ಮನೆ ಮತ್ತು ಸಾರಿಗೆ ಎರಡನ್ನೂ ಒಟ್ಟಿಗೆ ಯೋಚಿಸಿದಾಗ ಕೆಲಸ ಹೀಗೆ ಆಗುತ್ತದೆ. ನಿಮ್ಮ ಬಡಾವಣೆಯಿಂದ ನಿಲ್ದಾಣ ಮೂರು ಕಿಲೋಮೀಟರ್ ದೂರವಿದ್ದರೆ, ರೈಲು ಬಂದರೂ ದಿನಾ ಗಾಡಿ ತೆಗೆಯಲೇಬೇಕು.

ನಿಮ್ಮ ಮುಂದಿರುವ ದಾರಿಗಳನ್ನು ನಾನು ನೋಡುವುದು ಹೀಗೆ. ಇದ್ದಲ್ಲೇ ಬಾಡಿಗೆಗೆ ಇರುವುದರಲ್ಲಿ ಸಮಯ ಉಳಿಯುತ್ತದೆ, ಕೆಲಸ ಬದಲಾದರೆ ಮನೆ ಬದಲಿಸಬಹುದು. ಬಾಡಿಗೆ ಏರಿಕೆಯೂ, ಖಾಲಿ ಮಾಡಿ ಎನ್ನುವ ಮಾತೂ ಅದರ ಅಪಾಯ. ಎರಡು ಮೂರು ವರ್ಷದ ಒಪ್ಪಂದ, ಅದರಲ್ಲೇ ಏರಿಕೆಯ ಪ್ರಮಾಣ ಬರೆಸಿಕೊಂಡರೆ ಅಷ್ಟು ಹಗುರ. ದೂರ ಕೊಂಡರೆ ಬಾಡಿಗೆಯ ಭಯ ಹೋಗುತ್ತದೆ, ಜಾಗ ದೊಡ್ಡದಿರುತ್ತದೆ. ಆದರೆ ರಸ್ತೆ, ರೈಲು ತಡವಾದರೆ ಮಾರುವುದೂ ಕಷ್ಟ, ಯಾಕೆಂದರೆ ಅಕ್ಕಪಕ್ಕ ಹೊಸ ಮನೆಗಳು ಅದೇ ಬೆಲೆಗೆ ಇನ್ನೂ ಬಿಕರಿಯಾಗುತ್ತಿರುತ್ತವೆ. ಮೂರನೆಯದನ್ನು ನೀವು ಬರೆದಿಲ್ಲ, ನನಗೆ ಹೆಚ್ಚು ಹಿಡಿಸುವುದು ಅದೇ: ಈಗಾಗಲೇ ಹತ್ತು ಹದಿನೈದು ನಿಮಿಷಕ್ಕೊಂದು ಬಸ್ಸೋ ರೈಲೋ ಓಡುತ್ತಿರುವ ದಾರಿಯಲ್ಲಿ, ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಅಳತೆಯಲ್ಲಿ ಸ್ವಲ್ಪ ಚಿಕ್ಕದಾದ, ಹಳೆಯದಾದರೂ ಸರಿ, ಒಂದು ಮನೆ. ಅರ್ಧ ಗಂಟೆಗೊಂದು ಬಸ್ಸಿದ್ದರೆ ಸರಾಸರಿ ಹದಿನೈದು ನಿಮಿಷ ಕಾಯುತ್ತೀರಿ, ಹತ್ತು ನಿಮಿಷಕ್ಕೊಂದಿದ್ದರೆ ಐದು. ಬರಲಿರುವ ಸಾರಿಗೆಗಿಂತ ಓಡುತ್ತಿರುವ ಸಾರಿಗೆಯನ್ನು ನಂಬಿ. ಮನೆ ಚಿಕ್ಕದು ಎನ್ನುವ ಕೊರಗು ಇರುತ್ತದೆ, ಹಳೆಯ ಕಟ್ಟಡಕ್ಕೆ ರಿಪೇರಿ ಖರ್ಚು ಬರುತ್ತದೆ, ಅದನ್ನು ಮೊದಲೇ ಎತ್ತಿಡಬೇಕು.

ಇಷ್ಟಾದ ಮೇಲೂ ದೂರದ ಮನೆಯೇ ಬೇಕೆನಿಸಿದರೆ ಮುಂಗಡ ಕೊಡುವ ಮೊದಲು ಅಲ್ಲಿಗೆ ಕೆಲಸದ ದಿನ ಹೋಗಿ. ಭಾನುವಾರ ಮಾರುವವರ ಕಾರಿನಲ್ಲಿ ಹೋಗಿ ಬಂದದ್ದು ಲೆಕ್ಕಕ್ಕಿಲ್ಲ. ಬೆಳಗ್ಗೆ ಎಂಟಕ್ಕೆ ಅಲ್ಲಿಂದ ನಿಮ್ಮ ಕಚೇರಿಗೆ ಒಮ್ಮೆ ಬಂದು ನೋಡಿ. ಇನ್ನೊಂದು ದಿನ ರಾತ್ರಿ ಬಸ್ಸಿನಲ್ಲಿ ವಾಪಸ್ ಹೋಗಿ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ನಿಲ್ದಾಣದಿಂದ ಬಡಾವಣೆಯ ಗೇಟಿನವರೆಗೆ ದೀಪ ಇದೆಯೇ ನೋಡಿ. ಈಗಾಗಲೇ ಅಲ್ಲಿರುವ ಒಂದೆರಡು ಮನೆಯವರನ್ನು ಮಾತಾಡಿಸಿ. ಆಮೇಲೆ ಮಾರುವವರನ್ನು ಒಂದೇ ಮಾತು ಕೇಳಿ: ವರ್ತುಲ ರಸ್ತೆ ಇಂಥ ವರ್ಷದೊಳಗೆ ಬರುತ್ತದೆ, ಬರದಿದ್ದರೆ ಇಷ್ಟು ಹಣ ವಾಪಸ್ ಎಂದು ಕರಾರಿನಲ್ಲಿ ಬರೆದುಕೊಡುತ್ತೀರಾ? ಬರೆಯಲು ಒಪ್ಪದಿದ್ದರೆ ಆ ರಸ್ತೆ ಇಲ್ಲವೆಂದೇ ಇಟ್ಟುಕೊಂಡು ಬೆಲೆ ಮಾತಾಡಿ.